ಫಿಲೆಟ್ ವೆಲ್ಡ್ ಗೇಜ್ ತಗೊಂಡೆ, ಟ್ಯಾಂಕ್ ಸ್ಟ್ಯಾಂಡ್ ಅಳೆದೆ: 4 ಸ್ಟಾರ್

ಮೊದಲು ವಸ್ತು ಏನು ಅಂತ ಹೇಳುತ್ತೇನೆ. ಕೀಲಿ ಗೊಂಚಲಿನ ಥರ ಒಂದು ರಿಂಗಿಗೆ ಪೋಣಿಸಿದ ಏಳು ಸ್ಟೀಲ್ ಎಲೆಗಳು. ಎಲೆಗಳ ಮೂಲೆಯಲ್ಲಿ ಮಿ.ಮೀ. ಲೆಕ್ಕದ ಅಳತೆ ಕೊರೆದಿದ್ದಾರೆ. ಎರಡು ಕಬ್ಬಿಣದ ತುಂಡುಗಳನ್ನು ಮೂಲೆಗೆ ಸೇರಿಸಿ ವೆಲ್ಡ್ (ಇದಕ್ಕೇ ಫಿಲೆಟ್ ವೆಲ್ಡ್ ಅನ್ನುವುದು) ಹೊಡೆದ ಮೇಲೆ, ಆ ವೆಲ್ಡ್ ಎಷ್ಟು ಸೈಜಿಗೆ ಬಂದಿದೆ ಅಂತ ನೋಡುವುದಕ್ಕೆ ಇದು. 780 ರೂಪಾಯಿ ಕೊಟ್ಟೆ, ಆನ್‌ಲೈನ್‌ನಲ್ಲಿ. ಮನೆಯವಳು ಕೈಯಲ್ಲಿ ಹಿಡಿದು ನೋಡಿ, "ಇಷ್ಟಕ್ಕ ಎಂಟ್‌ನೂರ ರೂಪಾಯೇನ್ರಿ?" ಅಂದಳು. ಹೌದು, ಇಷ್ಟಕ್ಕೇ.

ಯಾಕೆ ತಗೊಂಡೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ನಾನು ಕಲಬುರಗಿಯಲ್ಲಿ ಒಂದು ದಾಲ್ ಮಿಲ್ಲಿನ ಮೇಂಟೆನೆನ್ಸ್ ನೋಡಿಕೊಳ್ಳುವವನು. ವೆಲ್ಡಿಂಗ್ ದಿನಾ ಕಣ್ಣ ಮುಂದೆ ನಡೆಯುತ್ತದೆ. ಆದರೆ ಸ್ವಂತ ಮನೆಯ ಮಾಳಿಗೆ ಮೇಲಿನ ಸ್ಟ್ಯಾಂಡ್ ವಿಷಯದಲ್ಲಿ ಪೂರ್ತಿ ಕಣ್ಣು ಮುಚ್ಚಿಕೊಂಡಿದ್ದೆ. ನಮ್ಮ ಕಡೆ ಬೇಸಿಗೆಯ ನೀರಿನ ಪಾಡು ಗೊತ್ತಲ್ವಾ, ನಲ್ಲಿ ಬಂದ ದಿನ ಹಿಡಿದಿಟ್ಟುಕೊಳ್ಳಬೇಕು, ಹಾಗಾಗಿ ಹಳೇ ಟ್ಯಾಂಕ್ ಸಾಲದೆ 2000 ಲೀಟರಿನ ಇನ್ನೊಂದು ಇಟ್ಟೆವು. 2000 ಲೀಟರ್ ಅಂದರೆ ತುಂಬಿದಾಗ ಎರಡು ಟನ್. ಸ್ಟ್ಯಾಂಡ್ ಮಾಡಿಕೊಟ್ಟವರ ಹೆಸರು ಬೇಡ ಬಿಡಿ. ವೆಲ್ಡ್ ನೋಡಿದರೆ ಹೆಬ್ಬೆರಳಿನಷ್ಟು ದಪ್ಪ. "ಆನಿ ನಿಂತ್ರೂ ಏನ್ ಆಗಂಗಿಲ್ರೀ ಸರ" ಅಂದಿದ್ದರು. ನಂಬಿದೆ.

ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ, ಮಳೆಗೆ ಮೊದಲು ಧೂಳೆಬ್ಬಿಸಿಕೊಂಡು ಬರುತ್ತದಲ್ಲ ಆ ಗಾಳಿ, ಜೋರಾಗಿ ಬಂತು. ಟ್ಯಾಂಕಿನಲ್ಲಿ ನೀರು ತಳಕ್ಕೆ ಹೋಗಿತ್ತು. ಬೆಳಿಗ್ಗೆ ಹತ್ತಿ ನೋಡಿದರೆ ಸ್ಟ್ಯಾಂಡ್ ಒಂದು ಕಡೆ ವಾಲಿ ನಿಂತಿದೆ. ಒಂದು ಕಾಲು ತನ್ನ ಬೇಸ್ ಪ್ಲೇಟಿನಿಂದ ಕಿತ್ತು ಮೇಲೆದ್ದಿದೆ. ನೀರು ತುಂಬಿದ್ದರೆ ಭಾರಕ್ಕೆ ಕಾಲು ಏಳುತ್ತಿರಲಿಲ್ಲ, ಖಾಲಿ ಇದ್ದದ್ದೇ ಗಾಳಿಗೆ ಸುಲಭವಾಯಿತು. ಪಕ್ಕದ ಮನೆ ಅಂಗಳಕ್ಕೆ ಬೀಳದೆ ಇದ್ದದ್ದು ನಮ್ಮ ಪುಣ್ಯ.

ಕುಕ್ಕರುಗಾಲಲ್ಲಿ ಕೂತು ಆ ಜಾಗ ನೋಡಿದೆ. ವೆಲ್ಡ್ ಒಡೆದಿರಲಿಲ್ಲ. ಇಡೀ ವೆಲ್ಡ್ ಆಂಗಲ್‌ಗೆ, ಅಂದರೆ ಕಾಲಿಗೆ ಹಾಕಿದ L ಆಕಾರದ ಕಬ್ಬಿಣಕ್ಕೆ, ಅಂಟಿಕೊಂಡೇ ಇತ್ತು, ಪ್ಲೇಟಿನ ಕಡೆಯಿಂದ ಮಾತ್ರ ಸಿಪ್ಪೆ ಬಿಟ್ಟ ಹಾಗೆ ಬಿಟ್ಟಿತ್ತು. ಪ್ಲೇಟಿನ ಮೇಲೆ ಕಬ್ಬಿಣ ಹರಿದ ಗುರುತೇ ಇಲ್ಲ. ಫ್ಯಾಕ್ಟರಿಯಿಂದ ಬಂದಾಗ ಇರುವ ಆ ನೀಲಿಗಪ್ಪು ಪೊರೆ ಹಲವು ಕಡೆ ಹಾಗೇ ಕಾಣುತ್ತಿತ್ತು. ಅಂದರೆ ಪ್ಲೇಟ್ ಕರಗಿಯೇ ಇರಲಿಲ್ಲ. ಬಿಸಿ ರೊಟ್ಟಿಯ ಮೇಲೆ ಹಾಕಿದ ಬೆಣ್ಣೆ ಇಳಿದು ಹೋಗುತ್ತದೆ, ಆರಿದ ರೊಟ್ಟಿ ಮೇಲೆ ಸುಮ್ನೆ ಕೂತಿರುತ್ತದೆ. ಇದು ಆರಿದ ರೊಟ್ಟಿ. ಸ್ಕೇಲ್ ಹಿಡಿದು ಅಳೆದೆ. ಆಂಗಲ್ ಕಡೆ ವೆಲ್ಡ್ 9 ಮಿ.ಮೀ. ಹತ್ತಿದೆ, ಪ್ಲೇಟಿನ ಕಡೆ 3ಕ್ಕೂ ಕಮ್ಮಿ. ಮೇಲಿನಿಂದ ನಿಂತು ನೋಡುವವನಿಗೆ ಆ 9 ಮಾತ್ರ ಕಾಣುತ್ತದೆ, ಹೆಬ್ಬೆರಳು ಅನ್ನಿಸುತ್ತದೆ.

ಇಲ್ಲೇ ಒಂದು ಮಾತು. ಮೂಲೆ ವೆಲ್ಡನ್ನು ಅಡ್ಡ ಕೊಯ್ದು ನೋಡಿದರೆ ತ್ರಿಕೋನ. ಅದರ ಎರಡು ಕಾಲುಗಳು ಎರಡು ತುಂಡುಗಳ ಮೇಲೆ ಕೂತಿರುತ್ತವೆ. ವೆಲ್ಡ್ ಸೈಜ್ ಅಂದರೆ ಆ ಕಾಲಿನ ಉದ್ದ, ಎರಡೂ ಸಮ ಇಲ್ಲದಿದ್ದರೆ ಸಣ್ಣದ್ದೇ ಲೆಕ್ಕ. ಭಾರ ಹೊರುವುದು ಮಾತ್ರ ಕಾಲಲ್ಲ, ಒಳಮೂಲೆಯಿಂದ ಹೊರಮೈಗೆ ಇರುವ ಅತಿ ಹತ್ತಿರದ ದೂರ, ಅದಕ್ಕೆ ಥ್ರೋಟ್, ಅಂದರೆ ಗಂಟಲು, ಅನ್ನುತ್ತಾರೆ. ಲಂಬಕೋನದ ಮೂಲೆಯಲ್ಲಿ ಅದು ಕಾಲಿನ 0.7ರಷ್ಟು. 5ರ ವೆಲ್ಡ್ ಅಂದರೆ ಥ್ರೋಟ್ ಮೂರೂವರೆ. ನಮ್ಮ 9 ಮಿ.ಮೀ. ಹೆಬ್ಬೆರಳು ಲೆಕ್ಕದಲ್ಲಿ 3ರ ವೆಲ್ಡ್ ಕೂಡ ಅಲ್ಲ.

ಹಾಗಾದರೆ ಎಷ್ಟಿರಬೇಕಿತ್ತು? ಮಿಲ್ಲಿನಲ್ಲಿ ಐಎಸ್ 800 ಪುಸ್ತಕ ಇದೆ, 2007ರದ್ದು, ಸ್ಟೀಲ್ ಕಟ್ಟೋಣಕ್ಕೆ ನಮ್ಮ ದೇಶದ ನಿಯಮ. ಧೂಳು ಕೊಡವಿ ತೆಗೆದೆ. ಅದರಲ್ಲಿ ಒಂದು ಪುಟ್ಟ ಕೋಷ್ಟಕ ಇದೆ. ಸೇರಿಸುವ ಎರಡು ತುಂಡುಗಳಲ್ಲಿ ದಪ್ಪನೆಯದು 10 ಮಿ.ಮೀ. ತನಕ ಇದ್ದರೆ ವೆಲ್ಡ್ ಕನಿಷ್ಠ 3 ಇರಬೇಕು. 10 ದಾಟಿ 20ರ ತನಕ ಇದ್ದರೆ 5. 20 ದಾಟಿ 32ರ ತನಕ 6. ಗಮನಿಸಿ, ದಪ್ಪನೆಯ ತುಂಡಿನ ಲೆಕ್ಕ, ತೆಳುವಿನದ್ದಲ್ಲ. ನಾನೂ ಬಹಳ ದಿನ ಇದನ್ನು ಉಲ್ಟಾ ತಿಳಿದುಕೊಂಡಿದ್ದೆ.

ಯಾಕೆ ದಪ್ಪನೆಯದು ಅಂದರೆ ಬಿಸಿ. ದಪ್ಪ ಪ್ಲೇಟ್ ಬಿಸಿಯನ್ನು ಎಳೆದುಕೊಂಡು ಬಿಡುತ್ತದೆ. ಅದರ ಮೇಲೆ ಸಣ್ಣ ಗೆರೆ ಹೊಡೆದರೆ ಆ ಗೆರೆ ಗಕ್ಕನೆ ಆರಿ ಗಡುಸಾಗುತ್ತದೆ, ಬಿರುಕು ಬಿಡುವ ಸಂಭವ ಜಾಸ್ತಿ, ಪ್ಲೇಟ್ ಸರಿಯಾಗಿ ಕರಗುವುದೂ ಇಲ್ಲ. ಭಾರದ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬೇಕಾದರೆ ನೋಡಿ. ಸಾಮಾನ್ಯ ಕಬ್ಬಿಣ, ಚದರ ಮಿ.ಮೀ.ಗೆ 410 ನ್ಯೂಟನ್ ಬಲದ್ದು. ಪುಸ್ತಕದ ಸೂತ್ರದ ಪ್ರಕಾರ ಅದನ್ನು 1.732ರಿಂದ ಭಾಗಿಸಿ, ಸೈಟಿನಲ್ಲಿ ಹೊಡೆದ ವೆಲ್ಡ್ ಅಂತ ಮತ್ತೆ 1.5ರಿಂದ ಭಾಗಿಸಿದರೆ ಚದರ ಮಿ.ಮೀ.ಗೆ 158 ನ್ಯೂಟನ್ ಸಿಗುತ್ತದೆ. ವರ್ಕ್‌ಶಾಪ್‌ನಲ್ಲಿ ಹೊಡೆದದ್ದಾದರೆ 1.25ರಿಂದ ಭಾಗಿಸಿದರೆ ಸಾಕು, ಮಾಳಿಗೆ ಮೇಲೆ ಬಿಸಿಲಲ್ಲಿ ಬಗ್ಗಿ ಹೊಡೆದದ್ದಕ್ಕಿಂತ ಅದರ ಮೇಲೆ ನಂಬಿಕೆ ಹೆಚ್ಚು, ನ್ಯಾಯವೇ. ಆ 158ನ್ನು 5ರ ವೆಲ್ಡಿನ ಥ್ರೋಟ್ ಮೂರೂವರೆಯಿಂದ ಗುಣಿಸಿದರೆ ಉದ್ದದ ಒಂದೊಂದು ಮಿ.ಮೀ.ಗೆ ಸುಮಾರು 55 ಕೆ.ಜಿ. ಹತ್ತು ಸೆಂ.ಮೀ. ಹೊಡೆದರೆ ಎರಡು ತುದಿಯಲ್ಲಿ ಒಂದೊಂದು ಸೈಜಿನಷ್ಟು ಕಳೆಯಬೇಕು, ಉಳಿಯುವುದು 90 ಮಿ.ಮೀ., ಅಂದರೆ ಸುಮಾರು ಐದು ಟನ್. ನಮ್ಮ ಟ್ಯಾಂಕಿನ ಒಂದು ಕಾಲಿಗೆ ಬರುವುದು ಅರ್ಧ ಟನ್. ಗಾಳಿಗೆ ಎಷ್ಟು ಬಿಟ್ಟರೂ ಬೇಕಾದಷ್ಟು ಮಿಕ್ಕುತ್ತದೆ. ಸರಿಯಾಗಿ ಕೂತ 5 ಮಿ.ಮೀ. ಇದ್ದಿದ್ದರೆ ಆ ಕಾಲು ಏಳುವ ಮಾತೇ ಇರಲಿಲ್ಲ.

ದೊಡ್ಡದಕ್ಕೂ ಮಿತಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಕತ್ತರಿಸಿದ ಚೌಕ ಅಂಚಿನ ಮೇಲೆ ಹೊಡೆಯುವಾಗ ತುಂಡಿನ ದಪ್ಪಕ್ಕಿಂತ ಒಂದೂವರೆ ಮಿ.ಮೀ. ಕಮ್ಮಿ ಇರಬೇಕು. ಆಂಗಲ್‌ನ ದುಂಡಗಿನ ಅಂಚಿನ ಮೇಲಾದರೆ ದಪ್ಪದ ಮುಕ್ಕಾಲು ಭಾಗ. 6 ಮಿ.ಮೀ. ಆಂಗಲ್‌ಗೆ ಎರಡೂ ಲೆಕ್ಕ ನಾಲ್ಕೂವರೆಗೇ ಬಂದು ನಿಲ್ಲುತ್ತದೆ. ಅಂಚಿನ ತನಕ ತುಂಬಿಸಿಬಿಟ್ಟರೆ ಅಂಚೇ ಕರಗಿ ಹೋಗಿರುತ್ತದೆ, ಆಮೇಲೆ ಕಾಲು ಎಲ್ಲಿಂದ ಅಳೆಯುತ್ತೀರಿ?

ಹೊಸ ಸ್ಟ್ಯಾಂಡಿಗೆ 50-50-6ರ ಆಂಗಲ್ (ಎರಡೂ ಮಗ್ಗುಲು 50 ಮಿ.ಮೀ. ಅಗಲ, 6 ದಪ್ಪ), 12 ಮಿ.ಮೀ. ಬೇಸ್ ಪ್ಲೇಟ್ ಅಂತ ಗೊತ್ತುಮಾಡಿ ಒಂದು ಚೀಟಿ ಬರೆದುಕೊಂಡೆ. ಬೇಸ್ ಪ್ಲೇಟಿಗೆ 5 (ಅಲ್ಲಿ ವೆಲ್ಡ್ ಕೂರುವುದು ಆಂಗಲ್‌ನ ಅಂಚಿನ ಮೇಲಲ್ಲ, ಮೈ ಮೇಲೆ, ಹಾಗಾಗಿ ನಾಲ್ಕೂವರೆಯ ಮಿತಿ ಬರುವುದಿಲ್ಲ), ಅಡ್ಡಪಟ್ಟಿಗಳಿಗೆ 4. ಅಷ್ಟೇ. ಚೀಟಿ ಹಿಡಿದು ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋದೆ. ಜೇಬಿನಲ್ಲಿ ಗೇಜ್.

ಅಲ್ಲ, ಗೇಜ್ ಬಂದದ್ದರ ಬಗ್ಗೆ ಹೇಳುವುದು ಬಿಟ್ಟೆ. ಮೊದಲ ಸಲ ಬಂದದ್ದು ಇಂಚಿನ ಸೆಟ್. ಫೋಟೋದಲ್ಲಿ ಮಿ.ಮೀ., ಡಬ್ಬಿಯಲ್ಲಿ ಇಂಚು. ಇಂಚಿನ ಹದಿನಾರರಲ್ಲಿ ಮೂರು ಅಂದರೆ 4.8 ಮಿ.ಮೀ., ನನಗೆ ಬೇಕಿದ್ದದ್ದು 5. ಕಾಲು ಇಂಚು ಅಂದರೆ 6.35. ಹತ್ತಿರ ಇದೆ ಅಂತ ಬಿಡಬಹುದಿತ್ತು, ಆದರೆ ಪಾಸ್-ಫೇಲ್ ನೋಡುವ ಉಪಕರಣದಲ್ಲಿ ಹತ್ತಿರ ಅಂದರೇನು? ವಾಪಸ್ ಕಳಿಸಿದೆ, ಎಂಟು ದಿನ ಹೋಯಿತು. ನೀವು ತಗೊಳ್ಳುವಾಗ ಮೊದಲು ಮಾರುವವರನ್ನು ಕೇಳಿ, ಎಲೆ ಮೇಲೆ ಏನು ಕೊರೆದಿದೆ ಅಂತ.

ಎರಡನೇ ಸಲ ಬಂದದ್ದು ಚೆನ್ನಾಗಿದೆ. ಸ್ಟೇನ್‌ಲೆಸ್, ಒಂದು ವರ್ಷ ಆಯಿತು, ತುಕ್ಕಿಲ್ಲ. ಅಕ್ಷರ ಪೇಂಟ್ ಅಲ್ಲ, ಕೊರೆದದ್ದು, ಗ್ರೈಂಡರ್ ಧೂಳು ತುಂಬಿದರೂ ಉಗುರಲ್ಲಿ ಕೆರೆದರೆ ಓದಬಹುದು. ರಿಂಗ್ ಮಾತ್ರ ದಂಡ, ಎರಡು ತಿಂಗಳಿಗೆ ಬಾಯಿ ಬಿಟ್ಟಿತು. ನಾನು ಬೈಕ್ ಕೀಲಿಯ ಹಳೇ ರಿಂಗ್ ಹಾಕಿಕೊಂಡಿದ್ದೇನೆ. ಎಲೆಯ ಅಂಚುಗಳನ್ನು ಸರಿಯಾಗಿ ಉಜ್ಜಿಲ್ಲ, ಬೆರಳಿಗೆ ಚುರುಕ್ ಅನ್ನುತ್ತದೆ. ಬಳಸುವುದು ಹೇಗೆ ಅಂತ ಒಂದು ಚೀಟಿಯೂ ಇಲ್ಲ.

ಬಳಸುವುದು ಹೀಗೆ. ಪ್ರತಿ ಅಳತೆಗೂ ಎರಡು ಥರದ ಮೂಲೆ ಇರುತ್ತದೆ. ವೆಲ್ಡ್ ಹೊಟ್ಟೆ ಉಬ್ಬಿದ್ದರೆ ಒಂದು, ಒಳಗೆ ಬಾಗಿದ್ದರೆ ಇನ್ನೊಂದು. ಉಬ್ಬಿದ್ದಕ್ಕೆ, ಎಲೆಯ ತಳವನ್ನು ಪ್ಲೇಟಿನ ಮೇಲೆ ಇಟ್ಟು ನಿಂತ ತುಂಡಿನ ಕಡೆಗೆ ದೂಡಬೇಕು. ಎಲೆಯ ತುದಿ ಹೋಗಿ ತಾಗುವ ಎತ್ತರಕ್ಕೆ ವೆಲ್ಡಿನ ಮೇಲಂಚು ಬಂದಿರಬೇಕು. ತುದಿಗೂ ವೆಲ್ಡಿಗೂ ನಡುವೆ ಬರಿ ಕಬ್ಬಿಣ ಕಂಡರೆ ಫೇಲ್. ಆಮೇಲೆ ಎಲೆ ತಿರುಗಿಸಿ ಇನ್ನೊಂದು ಕಾಲಿಗೂ ಹಾಗೇ ನೋಡಬೇಕು, ಇದನ್ನು ಮರೆತರೆ ನನ್ನ ಹಳೇ ಸ್ಟ್ಯಾಂಡಿನ ಕಥೆಯೇ. ಒಳಬಾಗಿದ್ದಕ್ಕೆ ಮೂಲೆಯ ನಡುವೆ ಒಂದು ಮೊನೆ ಇರುವ ಕಡೆಯಿಂದ ಅಳೆಯಬೇಕು. ಎಲೆ ಎರಡೂ ತುಂಡಿಗೆ ತಾಗಿ ಕೂತಾಗ ಆ ಮೊನೆ ವೆಲ್ಡಿನ ಹೊಟ್ಟೆಗೆ ಮುಟ್ಟಬೇಕು. ಸಂದಿಯಲ್ಲಿ ಬೆಳಕು ಕಂಡರೆ ಥ್ರೋಟ್ ಕಮ್ಮಿ. ನೋಡಲು ನುಣುಪಾದ ವೆಲ್ಡ್ ಎಷ್ಟೋ ಸಲ ಇಲ್ಲೇ ಫೇಲ್ ಆಗುತ್ತದೆ, ಕಾಲು ಚಾಚಿರುತ್ತದೆ, ಗಂಟಲು ಒಣಗಿರುತ್ತದೆ. ಸ್ಲ್ಯಾಗ್, ಅಂದರೆ ವೆಲ್ಡಿನ ಮೇಲೆ ಗಟ್ಟಿಯಾಗುವ ಕಿಟ್ಟದ ಪದರ, ಪೂರ್ತಿ ಕೊಡವಿ, ಪೇಂಟಿಗೆ ಮೊದಲೇ ಅಳೆಯಿರಿ.

ಈಗ ಶೆಡ್ಡಿಗೆ ಬರೋಣ. ಅಲ್ಲಿನ ಉಸ್ತಾದ್ ಹಳೇ ಕೈ. ನಾನು ಗೇಜ್ ತೆಗೆದದ್ದು ನೋಡಿ ನಕ್ಕುಬಿಟ್ಟರು.

"ಮೂವತ್ತ್ ವರ್ಷದಾಗ ಯಾರೂ ನನ್ನ ವೆಲ್ಡಿಂಗ್ ಅಳದಿಲ್ರೀ ಸರ."

"ಅಳೀಲಿಕ್ಕೆ ಅಲ್ರೀ ಉಸ್ತಾದ್, ನಾನೂ ಕಲೀಲಿ ಅಂತ" ಅಂದೆ. ಸುಳ್ಳು. ಅಳೆಯುವುದಕ್ಕೇ ಹೋಗಿದ್ದೆ.

ಒಂದು ತುಂಡು ಆಂಗಲ್, ಒಂದು ತುಂಡು ಪ್ಲೇಟ್ ತಗೊಂಡರು. ಹತ್ತು ನಂಬರ್ ವೆಲ್ಡಿಂಗ್ ರಾಡ್ ಸಿಕ್ಕಿಸಿದರು, ಕರೆಂಟ್ ಸ್ವಲ್ಪ ಏರಿಸಿದರು, ಕೈ ಒಂದು ಚೂರೂ ನಡುಗದೆ ಒಂದು ಗೆರೆ ಎಳೆದು ಮತ್ತೊಂದು ಸಲ ಅದರ ಮೇಲೆ ಹಾಯಿಸಿದರು. ಚಿಪ್ಪಿಂಗ್ ಹ್ಯಾಮರಿನಲ್ಲಿ ಒಂದೇ ಏಟು, ಸ್ಲ್ಯಾಗ್ ಹಾವಿನ ಪೊರೆ ಹಾಗೆ ಎದ್ದು ಬಂತು. ಅದೇ ಒಳ್ಳೆ ಗುರುತು. "ಅಳೀರಿ ಈಗ, ಐದು ಅದನೋ ಇಲ್ಲೋ." ಅಳೆದೆ. 5ರ ಎಲೆ ಮುಳುಗಿತು, ಅಂದರೆ ವೆಲ್ಡ್ ಅದರ ತುದಿಯನ್ನೂ ದಾಟಿತ್ತು. 6 ಹಾಕಿದೆ, ಅದೂ ಮುಳುಗಿತು. ಒಟ್ಟು 7 ಇತ್ತು. ಎರಡೂ ಕಾಲು ಸಮ, ಕೆಲಸ ಚೊಕ್ಕ, ಆದರೆ 7.

"ಜಾಸ್ತಿ ಆದ್ರ ಛಲೋನೇ ಅಲ್ರಿ?" ಅಂದರು ಉಸ್ತಾದ್. ಎಲ್ಲರೂ ಹೀಗೇ ಅನ್ನುತ್ತಾರೆ, ಅಲ್ವಾ. ಅಲ್ಲೇ ಕಟ್ಟೆ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದೆ. ಸೈಜ್ 5ರಿಂದ 7ಕ್ಕೆ ಹೋದರೆ ಬಲ ಏರುವುದು 1.4 ಪಟ್ಟು. ತ್ರಿಕೋನ ತುಂಬಲು ಬೇಕಾಗುವ ಕಬ್ಬಿಣ ಮಾತ್ರ 5 ಐದಲೆ 25, 7 ಏಳಲೆ 49, ಹೆಚ್ಚುಕಮ್ಮಿ ಎರಡು ಪಟ್ಟು. ಒಂದು ಮೀಟರ್ ಉದ್ದಕ್ಕೆ 5ರ ವೆಲ್ಡ್ ತಿನ್ನುವುದು ಸುಮಾರು 98 ಗ್ರಾಂ, 7ರದ್ದು 192 ಗ್ರಾಂ. ಹತ್ತು ನಂಬರಿನ ಒಂದು ರಾಡ್, ತುದಿಯ ತುಂಡು ಬಿಟ್ಟು, 18 ಗ್ರಾಂ ಆಸುಪಾಸು ಇಳಿಸುತ್ತದೆ. ಅಂದರೆ ಆರು ರಾಡಿನ ಕೆಲಸಕ್ಕೆ ಹನ್ನೊಂದು ರಾಡ್.

ಉಸ್ತಾದ್ ಚಾಕ್ ಲೆಕ್ಕ ನೋಡುತ್ತಾ ನಿಂತರು. ಇಲ್ಲಿ ಕೂಲಿ ಕೊಡುವುದು ಕಬ್ಬಿಣದ ಕೆ.ಜಿ. ಲೆಕ್ಕದಲ್ಲಿ. ರಾಡ್ ಖರ್ಚು ಅವರದೇ. ಬಲ, ಥ್ರೋಟ್, ಐಎಸ್ 800 ಯಾವುದಕ್ಕೂ ಅಲ್ಲಾಡದಿದ್ದ ಮನುಷ್ಯ ಹನ್ನೊಂದು ರಾಡಿಗೆ ಅಲ್ಲಾಡಿದರು. "ಕೊಡ್ರಿ ಇಲ್ಲಿ" ಅಂತ ಗೇಜ್ ನನ್ನ ಕೈಯಿಂದ ತಗೊಂಡರು.

ಆಮೇಲಿನ ಒಂದು ಗಂಟೆ ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಅಲ್ಲಿದ್ದ ಗೇಟು, ಟ್ರಾಲಿ, ಯಾರದೋ ಶೆಡ್ಡಿನ ಕಂಬ, ಎಲ್ಲ ಅಳೆದರು. ಒಂದು ಬೇಸ್ ಪ್ಲೇಟ್ ತೋರಿಸಿದರು, ವೆಲ್ಡ್ ವಿಪರೀತ ಹೊಡೆದು ಅದರ ನಾಲ್ಕೂ ಮೂಲೆ ಹಪ್ಪಳದ ಹಾಗೆ ಮೇಲೆದ್ದಿದ್ದವು. ಜಾಸ್ತಿ ಬಿಸಿ, ಜಾಸ್ತಿ ಸೆಳೆತ. ಅದನ್ನು ಬೋಲ್ಟ್ ಹಾಕಿ ಕೆಳಗೆ ಎಳೆದರೆ ವೆಲ್ಡ್ ಮೇಲೆ ಇನ್ನಷ್ಟು ಒತ್ತಡ. "ಇದು ಹುಡುಗ ಹೊಡದದ್ರಿ" ಅಂದರು. ಹುಡುಗ ಚಹಾ ತರಲು ಹೋಗಿದ್ದ, ಪಾಪ.

ನನ್ನ ಸ್ಟ್ಯಾಂಡಿನಲ್ಲೂ ಒಂದು ಕಾಲು ತಕರಾರು ಮಾಡಿತು. ಗೇಜಿಗೆ 5 ಪಾಸ್. ಆದರೆ ಆಂಗಲ್ ಅಡ್ಡಾದಿಡ್ಡಿ ಕಟ್ ಆಗಿ, ಪ್ಲೇಟಿಗೂ ಅದಕ್ಕೂ ಮಧ್ಯೆ ಒಂದು ಕಡೆ 2 ಮಿ.ಮೀ. ಸಂದಿ ಇದ್ದದ್ದನ್ನು ನಾನು ಟ್ಯಾಕ್ (ಮೊದಲು ಹಿಡಿದು ನಿಲ್ಲಿಸಲು ಹಾಕುವ ಚುಕ್ಕಿ ವೆಲ್ಡ್) ಹೊಡೆಯುವಾಗಲೇ ನೋಡಿದ್ದೆ. ಸಂದಿ ಇದ್ದರೆ ಆ 5ರಲ್ಲಿ 2 ಸಂದಿ ಮುಚ್ಚುವುದಕ್ಕೇ ಹೋಯಿತು, ಕೆಲಸ ಮಾಡುವುದು 3. ಸಂದಿ ಎಷ್ಟೋ ಅಷ್ಟು ಸೈಜ್ ಸೇರಿಸಿ 7 ಹೊಡೆಯಬೇಕು, ಇಲ್ಲ ಅಂದರೆ ಬಿಚ್ಚಿ ಗುಣಿಯಾ (ಮೂಲೆಮಟ್ಟ) ಹಿಡಿದು ಸರಿಯಾಗಿ ಕತ್ತರಿಸಬೇಕು. ಉಸ್ತಾದ್ ಬಿಚ್ಚಿದರು. ಬಾಯಿ ಬಿಟ್ಟು ಬೈಯಲಿಲ್ಲ, ಗ್ರೈಂಡರ್ ಸದ್ದಿನಲ್ಲಿ ಏನಾದರೂ ಅಂದಿದ್ದರೆ ನನಗೆ ಕೇಳಿಸಲಿಲ್ಲ.

ಹೇಳಿದ್ದಕ್ಕಿಂತ ಮೂರು ದಿನ ತಡವಾಯಿತು, ಅದೊಂದು ಬಿಟ್ಟರೆ ಶೆಡ್ಡಿನ ಕೆಲಸಕ್ಕೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್.

ಗೇಜಿಗೆ ಮಾತ್ರ ನಾಲ್ಕು. ಐದನೇ ಸ್ಟಾರ್ ಕೊಡದಿರುವುದಕ್ಕೆ ಕಾರಣ ರಿಂಗ್ ಅಲ್ಲ, ಇಂಚು-ಮಿ.ಮೀ. ಗೋಳೂ ಅಲ್ಲ. ಗೇಜ್ ಹೊರಗಿನದ್ದನ್ನು ಮಾತ್ರ ನೋಡುತ್ತದೆ. ನನ್ನ ಹಳೇ ಸ್ಟ್ಯಾಂಡಿನ ವೆಲ್ಡ್ ಎರಡೂ ಕಡೆ ಸಮ 5 ಇದ್ದು, ಪ್ಲೇಟ್ ಮಾತ್ರ ಕರಗದೆ ಇದ್ದಿದ್ದರೆ ಈ ಎಲೆ ಪಾಸ್ ಅಂತಲೇ ಹೇಳುತ್ತಿತ್ತು. ಅದಕ್ಕೆ ಮದ್ದು ಬೇರೆ. ಪೊರೆ, ತುಕ್ಕು, ಪೇಂಟ್ ಎಲ್ಲ ಮೊದಲೇ ಉಜ್ಜಿ ತೆಗೆಯಬೇಕು, ಕರೆಂಟ್ ಸರಿ ಇಡಬೇಕು, ರಾಡಿನ ಮುಖ ದಪ್ಪ ಪ್ಲೇಟಿನ ಕಡೆಗೆ ಸ್ವಲ್ಪ ಹೆಚ್ಚು ತಿರುಗಿಸಬೇಕು. ನಂಬಿಕೆ ಬರದಿದ್ದರೆ ನಾವು ಮಾಡಿದ ಹಾಗೆ ಒಂದು ಸ್ಯಾಂಪಲ್ ತುಂಡು ಒಂದೇ ಬದಿಗೆ ವೆಲ್ಡ್ ಹೊಡೆದು, ಸುತ್ತಿಗೆಯಿಂದ ಬಗ್ಗಿಸಿ ಮುರಿದು ಒಳಗೆ ನೋಡಿ. ಇನ್ನೊಂದು ಕೊರತೆ, ಇದು ಲಂಬಕೋನದ ಮೂಲೆಗೆ ಮಾತ್ರ. ಓರೆಯಾಗಿ ನಿಂತ ಕಾಲಿಗೆ ಈ ಅಳತೆ ಹೊಂದುವುದಿಲ್ಲ. ಅದಕ್ಕೆ ಸ್ಕ್ಯೂ-ಟಿ ಗೇಜ್ ಅಂತ ಬೇರೆ ಬರುತ್ತದೆ. ಅಂಡರ್‌ಕಟ್, ಅಂದರೆ ವೆಲ್ಡಿನ ಅಂಚಿನಲ್ಲಿ ಕಬ್ಬಿಣ ಕರಗಿ ಬೀಳುವ ತೋಡು, ಅದರ ಆಳ ನೋಡಲು ಬ್ರಿಜ್ ಕ್ಯಾಮ್ ಗೇಜ್ ಇದೆ. ಮನೆ ಕೆಲಸಕ್ಕೆ ಅಷ್ಟು ಬೇಡ.

ಇನ್ನೊಂದು ವಿಷಯ, ಇದು ಮಿಲ್ಲಿನವರಿಗೆ. ಹೊರದೇಶದ ಯಂತ್ರ ತಂದಾಗ ಅದರ ಡ್ರಾಯಿಂಗ್‌ನಲ್ಲಿ ವೆಲ್ಡ್ ಸೈಜಿನ ಮುಂದೆ ಎ ಅಕ್ಷರ ಇದೆಯೋ ಝೆಡ್ ಇದೆಯೋ ನೋಡಿಕೊಳ್ಳಿ. ಝೆಡ್ 5 ಅಂದರೆ ಕಾಲು 5. ಎ 5 ಅಂದರೆ ಥ್ರೋಟ್ 5, ಕಾಲು 7 ಬರಬೇಕು. ನಮ್ಮಲ್ಲಿ ಒಂದು ಯಂತ್ರದ ಫ್ರೇಮಿಗೆ ಎ 5 ಅಂತ ಇತ್ತು, ಎಲ್ಲರೂ ಕಾಲು 5 ಅಂತ ಹೊಡೆದರು. ನಾನೂ ಅಲ್ಲೇ ನಿಂತಿದ್ದೆ, ನನಗೂ ಹೊಳೆಯಲಿಲ್ಲ. ಇಡೀ ದಿನ ನಡುಗುವ ಯಂತ್ರ, ಬಿರುಕು ಬಿಟ್ಟ ಮೇಲೆ ಡ್ರಾಯಿಂಗ್ ಮತ್ತೆ ಬಿಚ್ಚಿದೆವು. ಆಗ ಕೈಯಲ್ಲಿ ಗೇಜ್ ಇದ್ದಿದ್ದರೂ ಪ್ರಯೋಜನ ಇರಲಿಲ್ಲ, 5 ಪಾಸ್ ಅಂತ ಸಹಿ ಹಾಕಿರುತ್ತಿದ್ದೆ.

ಈ ಬೇಸಿಗೆಯಲ್ಲೂ ಗಾಳಿ ಬಂತು, ಎರಡು ಸಲ. ಸ್ಟ್ಯಾಂಡ್ ನಿಂತಿದೆ. ಪ್ಲೇಟಿನ ಹತ್ತಿರ ಪೇಂಟ್ ಕೂಡ ಬಿರಿದಿಲ್ಲ.

ಮತ್ತೆ ಮೇಲೆ ಏಳು ಎಲೆ ಅಂದೆನಲ್ಲ, ಈಗ ನನ್ನ ಹತ್ತಿರ ಇರುವುದು ಆರು. 5ರದ್ದು ಉಸ್ತಾದರ ಹತ್ತಿರ ಇದೆ. "ನಾಳಿ ಕೊಡ್ತೀನ್ರಿ" ಅಂದು ನಾಲ್ಕು ತಿಂಗಳಾಯಿತು. ಮೊನ್ನೆ ಆ ಕಡೆ ಹೋದಾಗ ನೋಡಿದೆ, ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು, ಕೇಳಲು ಮನಸ್ಸಾಗಲಿಲ್ಲ. ಬಿಡಿ ಎಲೆ ಎಲ್ಲಾದರೂ ಸಿಗುತ್ತದೆ ಅಂತ ಗೊತ್ತಿದ್ದರೆ ತಿಳಿಸಿ, ಒಂದು ಎಲೆಗೋಸ್ಕರ ಮತ್ತೆ 780 ಕೊಡುವುದು ಅಂದರೆ ಮನೆಯಲ್ಲಿ ಹೇಳುವುದು ಕಷ್ಟ.